ನಾಲ್ಕನೆಯ ಹಸು

"ಹಸುಗಳನ್ನ ಕೂಗಿ ಕರೆಯೋ ಹಾಡು ಪುಸ್ತಕದಲ್ಲೇ ಇಲ್ಲ, ಮಿಸ್ ವೌಲ್ಸ್," ಎಂದರು ಟ್ರೆಡ್‌ಗೋಲ್ಡ್. "ಎರಡು ಸಲ ತಿರುವಿ ಹಾಕಿದೆ. ಹೆಂಡತಿ ಕೆರೆಗೆ ಇಳೀತಾಳೆ, ಗಂಡ ದಡದ ಮೇಲೆ ನಿಂತು ಹಾಡ್ತಾನೆ, ಪರದೆ ಬೀಳುತ್ತೆ. ಹಸುಗಳು ಇದಾವೆ, ಇಲ್ಲ ಅನ್ನಲ್ಲ. ಅವು ಸುಮ್ನೆ ಅವಳ ಹಿಂದೆ ಹೋಗ್ತಾವೆ."

"ಕರೀದೆ ಹಸು ಬರುತ್ತೇನ್ರೀ?" ಎಂದಳು ಹೆಸ್ಟರ್ ವೌಲ್ಸ್. "ನೀವು ಬ್ರಿಸ್ಟಲ್‌ನೋರು. ನಿಮ್ಮ ಕಡೆ ಹಾಲು ಬಾಟ್ಲೀಲಿ ಬರುತ್ತೆ."

ನಗಬಾರದಿತ್ತು, ನಕ್ಕೆವು. ವೆಡ್‌ಕೋಮ್ ಟೌನ್ ಹಾಲಿನ ಮಹಡಿಯ ಕೋಣೆಯಲ್ಲಿ ಆ ಶನಿವಾರ ಮಧ್ಯಾಹ್ನ ನಾವು ಹದಿನಾಲ್ಕು ಜನ ಸೇರಿದ್ದೆವು. ಸಂಗೀತ ಸಂಘದಲ್ಲಿ ಉಳಿದಿದ್ದವರೇ ಅಷ್ಟು. ಅದರಲ್ಲಿ ಹಾಡಬಲ್ಲವರು ಆರು ಜನ, ಉಳಿದವರು ಚಹಾಕ್ಕೆ ಬರುವವರು. ನಾನು ಎರಡರ ನಡುವಿನವಳು. ನನ್ನ ಉಣ್ಣೆದಾರದ ಅಂಗಡಿಗೆ ಬೀಗ ಹಾಕಿ, 'ಮೂರು ಗಂಟೆಗೆ ಬರುತ್ತೇನೆ' ಎಂದು ಚೀಟಿ ಅಂಟಿಸಿ ಬಂದಿದ್ದೆ. ಐದಾದರೂ ಹೋಗಲಿಲ್ಲ.

ಟ್ರೆಡ್‌ಗೋಲ್ಡ್‌ಗೆ ಮೂವತ್ತೋ ಮೂವತ್ತೆರಡೋ. ಬ್ರಿಸ್ಟಲ್‌ನಲ್ಲಿ ಎಂಬತ್ತು ಜನರ ಮೇಳ ನಡೆಸುತ್ತಿದ್ದರು. ನಮ್ಮೂರಿನ ಎವರಾರ್ಡ್ ಸ್ಟ್ರೋಡ್ ಕಟ್ಟಿದ 'ಮೂರನೆಯ ಏಟು' ಎಂಬ ಗೀತನಾಟಕವನ್ನು ಅವರ ಮೇಳ ನವೆಂಬರಿನಲ್ಲಿ ಹಾಡುವುದಿತ್ತು, ರೇಡಿಯೋದವರು ಅದನ್ನು ಹಿಡಿದು ದೇಶಕ್ಕೆಲ್ಲ ಕೇಳಿಸುವುದಿತ್ತು. ಹಳಬರು ಏನಾದರೂ ನೆನಪಿಟ್ಟುಕೊಂಡಿದ್ದಾರೆಯೇ ಎಂದು ಕೇಳಲು ಬಂದಿದ್ದರು, ಪಾಪ. ನೆನಪು ಕೇಳಿಕೊಂಡು ವೆಡ್‌ಕೋಮ್‌ಗೆ ಬರುವವರು ಛತ್ರಿ ತರಬೇಕು. ಇಲ್ಲಿ ನೆನಪು ಒಬ್ಬರ ಮೇಲೊಬ್ಬರು ಎರಚುವ ವಸ್ತು.

ಒಂದು ಕಾಲದಲ್ಲಿ ಆ ನಾಟಕ ಗೊತ್ತಿಲ್ಲದ ಮನೆ ಇರಲಿಲ್ಲ. ಕತೆ ಕೊಲ್ಲಿಯಾಚೆಯ ವೇಲ್ಸ್ ಬೆಟ್ಟದ್ದು. ಕೆರೆಯಿಂದ ಎದ್ದು ಬಂದ ಹೆಣ್ಣು ರೈತನೊಬ್ಬನನ್ನು ಮದುವೆಯಾಗುತ್ತಾಳೆ, ತವರಿನ ಬಳುವಳಿಯಾಗಿ ಹಸುಗಳನ್ನು ತರುತ್ತಾಳೆ. ಕಾರಣವಿಲ್ಲದೆ ಮೂರು ಸಲ ಅವಳ ಮೇಲೆ ಅವನ ಕೈ ಬಿದ್ದರೆ ಅವಳು ಹಿಂತಿರುಗಿ ಹೋಗಬೇಕು. ಅವನು ಕೆಟ್ಟವನಲ್ಲ. ಒಮ್ಮೆ ಅವಸರಪಡಿಸಲು ಭುಜ ತಟ್ಟುತ್ತಾನೆ, ಒಮ್ಮೆ ಮದುವೆಮನೆಯಲ್ಲಿ ಅಳಬೇಡವೆಂದು, ಒಮ್ಮೆ ಸಾವಿನ ಮನೆಯಲ್ಲಿ ನಗಬೇಡವೆಂದು. ಮೂರನೆಯ ಸಲ ಅವಳು ಎದ್ದು ಹೋಗುತ್ತಾಳೆ, ಹಸುಗಳೂ ಹೋಗುತ್ತವೆ. ಸ್ಟ್ರೋಡ್ ಇದನ್ನು ನಮ್ಮೂರಿನ ಗಂಟಲುಗಳನ್ನೇ ನಂಬಿ ಕಟ್ಟಿದ್ದರು. ಬಟ್ಟೆ ಅಂಗಡಿಯ ಗುಮಾಸ್ತ ಗಂಡನಾದ, ಹಾಲಿನ ಮನೆಯ ಹುಡುಗಿ ಹೆಂಡತಿಯಾದಳು, ನಾವೆಲ್ಲ ಕೆರೆಯಾದೆವು. ಆಮೇಲೆ ಲಂಡನ್ನಿನವರು ಅದನ್ನು ಎತ್ತಿಕೊಂಡು ವರ್ಷವಿಡೀ ಆಡಿದರು. ಬಸ್ಸಿನ ಕಂಡಕ್ಟರ್ ಕೂಡ ಅದರ ರಾಗ ಶಿಳ್ಳೆ ಹಾಕುತ್ತಿದ್ದ. ಆಮೇಲೆ ಹೇಗೆ ಬಂತೋ ಹಾಗೇ ಹೋಯಿತು. ಈಗ ನನ್ನ ಅಂಗಡಿಗೆ ಬರುವ ಹುಡುಗಿಯರಿಗೆ ಹೆಸರು ಹೇಳಿದರೆ ಹೊಸ ನಮೂನೆಯ ಹೆಣಿಗೆಯೇ ಎಂದು ಕೇಳುತ್ತಾರೆ.

ಆ ಬಟ್ಟೆ ಅಂಗಡಿಯ ಗುಮಾಸ್ತ ಕ್ಲೆಮೆಂಟ್ ಹೆಂಬ್ರೊ. ಹಾಲಿನ ಮನೆಯ ಹುಡುಗಿ ಹೆಸ್ಟರ್. ಇಬ್ಬರೂ ಆ ದಿನ ಒಂದೇ ಕೋಣೆಯಲ್ಲಿದ್ದರು. ಅದೇ ದೊಡ್ಡ ವಿಷಯ. ಮೂವತ್ತೊಂದು ವರ್ಷದಿಂದ ಹೆಂಬ್ರೊ ಇದ್ದ ಕಡೆ ಹೆಸ್ಟರ್ ಕಾಲಿಡುತ್ತಿರಲಿಲ್ಲ. ಅವರು ಇರದ ಕಡೆ ನಮ್ಮೂರಿನಲ್ಲಿ ಏನೂ ನಡೆಯುತ್ತಿರಲಿಲ್ಲ. ಹಾಗಾಗಿ ಅವಳು ಹೆಚ್ಚಾಗಿ ಮನೆಯಲ್ಲೇ ಇದ್ದಳು.

"ಇದೂ ಒಂದು ಇದೆ ನೋಡಿ," ಎಂದು ಟ್ರೆಡ್‌ಗೋಲ್ಡ್ ಕೋಟಿನ ಜೇಬಿನಿಂದ ಹಳದಿಯಾದ ಪತ್ರಿಕೆಯ ತುಂಡೊಂದನ್ನು ತೆಗೆದರು. "ಸಾವಿರದ ಒಂಬೈನೂರ ಮೂವತ್ತೊಂದು, ಜೂನ್. ಸ್ಟ್ರೋಡ್ ತಾವೇ ಪಿಯಾನೋ ನುಡಿಸಿದ ಕೊನೆ ಪ್ರದರ್ಶನ. 'ಕೊನೆಯ ಅಂಕದಲ್ಲಿ ನಾಯಕಿ ದಾರಿ ತಪ್ಪಿ, ನಾಟಕದಲ್ಲಿ ಇಲ್ಲದ ಕೂಗುಗಳನ್ನು ಕೂಗಿ, ಪ್ರೇಕ್ಷಕರನ್ನೂ ಸಹನಟರನ್ನೂ ಗೊಂದಲಕ್ಕೆ ಕೆಡವಿದರು. ಹೆಂಬ್ರೊ ಅವರಿಗೆ ತಮ್ಮ ಪ್ರಸಿದ್ಧ ಶೋಕಗೀತೆಯನ್ನು ಹಾಡುವ ಅವಕಾಶವೇ ದೊರೆಯಲಿಲ್ಲ.' ನಾನು ಹಾಡಿಗೆ ಮೊದಲು ರೇಡಿಯೋದಲ್ಲಿ ಐದು ನಿಮಿಷ ಮಾತಾಡಬೇಕು. ಆ ಕೊನೆ ಪ್ರದರ್ಶನದ ಬಗ್ಗೆ ಹೇಳ್ದೆ ಇರೋಕಾಗಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿದೀನಿ."

"ಅದನ್ನ ನಿಮಗೆ ಕೊಟ್ಟೋರು ಯಾರು?" ಎಂದಳು ಹೆಸ್ಟರ್.

ಟ್ರೆಡ್‌ಗೋಲ್ಡ್ ಕಿಟಕಿಯ ಕಡೆ ನೋಡಿದರು. ಅಲ್ಲಿಯ ಕುರ್ಚಿಯಲ್ಲಿ, ಸಂಘದ ಪುಸ್ತಕಗಳನ್ನೂ ಕಡತಗಳನ್ನೂ ನೋಡಿಕೊಳ್ಳುವ ಹೆಂಬ್ರೊ ಮಡಿಲಲ್ಲಿ ಟೋಪಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. "ಕೇಳಿದ್ರು, ಕೊಟ್ಟೆ," ಎಂದರು. "ಸಂಘದ ಕಡತದಲ್ಲಿ ಇರೋದನ್ನ ಕೇಳಿದೋರಿಗೆ ಕೊಡೋದು ನನ್ನ ಕೆಲಸ."

"ಕೇಳಿದೋರಿಗೆ ಕೊಡ್ತಾರಂತೆ," ಎಂದು ಹೆಸ್ಟರ್ ನಮ್ಮ ಕಡೆ ತಿರುಗಿದಳು. "ನಾನು ಮೂವತ್ತು ವರ್ಷದಿಂದ ಆ ಬೀರು ತೆಗೀರಿ ಅಂತ ಕೇಳ್ತಿದೀನಿ. ಹನ್ನೊಂದು ಕಾಗದ ಬರೆದಿದೀನಿ. ಹನ್ನೊಂದಕ್ಕೂ ಒಂದೇ ಉತ್ತರ, 'ಪುಸ್ತಕಗಳನ್ನು ಸದಸ್ಯರಲ್ಲದವರಿಗೆ ತೋರಿಸಲಾಗುವುದಿಲ್ಲ.'"

"ಸದಸ್ಯತ್ವ ಬಿಟ್ಟೋರು ನೀವೇ."

"ಬಿಡಿಸಿದೋರು ನೀವು."

ಟ್ರೆಡ್‌ಗೋಲ್ಡ್ ಕೈ ಎತ್ತಿದರು. ಶಾಲೆಯ ಮೇಷ್ಟರ ಹಾಗೆ ಎತ್ತಿದರು, ಅದು ಯಾರಿಗೂ ಹಿಡಿಸಲಿಲ್ಲ. "ಬೀರುವಿನಲ್ಲಿ ಏನಿದೆ?"

"ಸ್ಟ್ರೋಡ್ ಅವರ ಸ್ವಂತ ಸ್ವರಪುಸ್ತಕ," ಎಂದಳು ಹೆಸ್ಟರ್. ಈಗ ಅವಳ ದನಿ ಬೇರೆಯಾಗಿತ್ತು. "ಪ್ರದರ್ಶನಕ್ಕೆ ಎರಡು ದಿನ ಮೊದಲು ನಮ್ಮಿಬ್ಬರನ್ನೂ ಮನೆಗೆ ಕರೆಸಿದ್ರು, ನನ್ನನ್ನೂ ಇವರನ್ನೂ. ಕೊನೆ ಬದಲಾಯಿಸಿದೀನಿ ಅಂದ್ರು. ನಮ್ಮಮ್ಮ ಹಾಲು ಕರೆಯೋ ಹೊತ್ತಿಗೆ ಹಸುಗಳನ್ನ ಕರೀತಿದ್ರಲ್ಲ, ಆ ಕೂಗನ್ನ ನಾನೊಮ್ಮೆ ಅವರ ಮುಂದೆ ಹೇಳಿದ್ದೆ. ಅದನ್ನೇ ಹಿಡಿದು ಆರು ಹಸುವಿಗೆ ಆರು ಸಾಲು ಮಾಡಿದ್ರು. ಗಂಡನ ಅಳು ತೆಗೆದು ಹಾಕಿ, ಕೊನೇ ಪುಟದಲ್ಲಿ ಪೆನ್ಸಿಲ್ಲಲ್ಲಿ ಬರೆದ್ರು. ಮೇಳಕ್ಕೆ ಹೇಳೋಕೆ ಹೊತ್ತಿರಲಿಲ್ಲ, ಅವರಿಗೆ ಆಗಲೇ ಜ್ವರ. ಆಟ ಮುಗಿದ ಸಂಜೆ ಆಸ್ಪತ್ರೆಗೆ ಒಯ್ದರು, ಮೂರು ವಾರಕ್ಕೆ ತೀರಿಕೊಂಡ್ರು. ಇವರು ಬಾಯಿ ಬಿಡಲಿಲ್ಲ."

"ನನಗೆ ಅಂಥದ್ದೊಂದು ನೆನಪಿಲ್ಲ," ಎಂದರು ಹೆಂಬ್ರೊ.

ಈ ಮಾತನ್ನು ಊರು ಮೂವತ್ತೊಂದು ವರ್ಷದಿಂದ ಕೇಳಿತ್ತು, ನಂಬಿಯೂ ಇತ್ತು. ನಂಬದೆ ಏನು ಮಾಡುವುದು? ಅಂದು ಜನ ಕಂಡದ್ದು ಇಷ್ಟೇ: ಹೆಸ್ಟರ್ ಇದ್ದಕ್ಕಿದ್ದಂತೆ ಹಸುಗಳನ್ನು ಕೂಗಿ ಕರೆಯತೊಡಗಿದಳು, ಹೆಂಬ್ರೊ ತಮ್ಮ ಹಾಡಿಗೆ ಬಾಯಿ ತೆರೆದವರಂತೆ ನಿಂತೇ ಇದ್ದರು, ಪರದೆ ಬಿತ್ತು. ಸ್ಟ್ರೋಡ್ ಸತ್ತ ಮೇಲೆ ಮಾತು ಇನ್ನೂ ಬೆಳೆಯಿತು. ಆ ಅವಮಾನವೇ ಅವರನ್ನು ಕೊಂದದ್ದು ಎಂದರು. ಅವಳು ಪೇಟೆಗೆ ಬಂದರೆ ಹುಡುಗರು ಹಿಂದಿನಿಂದ ಅಂಬಾ ಎನ್ನುತ್ತಿದ್ದರು. ಆ ಹುಡುಗರಿಗೆ ಈಗ ಬೆಳೆದ ಮಕ್ಕಳಿದ್ದಾರೆ.

"ಮಿಸ್ ಕೀವಿಲ್," ಎಂದು ಟ್ರೆಡ್‌ಗೋಲ್ಡ್ ನನ್ನನ್ನು ಕೇಳಿದರು, "ನೀವು ಅಂದು ಇದ್ರಿ ಅಲ್ವಾ? ನೀವೇನು ಕೇಳಿದ್ರಿ?"

"ನಾನು ಕೆರೆಯಲ್ಲಿದ್ದೆ," ಎಂದೆ.

"ಅಂದ್ರೆ?"

"ವೇದಿಕೆಯ ಕೆಳಗೆ. ಕುರ್ಚಿ ಪೇರಿಸೋ ಗೂಡಿನಲ್ಲಿ. ಕೆರೆಯ ಮೇಳ ಅಲ್ಲಿಂದಲೇ ಹಾಡಬೇಕು ಅಂತ ಸ್ಟ್ರೋಡ್ ಅವರ ಆಜ್ಞೆ. ಹಲಗೆ ಮೇಲೆ ಯಾರು ಏನು ಹಾಡಿದ್ರೂ ನಮಗೆ ಬೂಟಿನ ಸದ್ದೇ ಕೇಳ್ತಿತ್ತು. ಏನೋ ಕೂಗು ಕೇಳಿಸ್ತು, ಅದು ನಿಜ. ಯಾರೋ ಜಾರಿ ಬಿದ್ರು ಅಂದ್ಕೊಂಡೆ."

ಹೆಸ್ಟರ್ ನನ್ನನ್ನು ನೋಡಿದ ನೋಟಕ್ಕೆ ನಾನು ಇನ್ನೊಮ್ಮೆ ಗೂಡಿಗೆ ಇಳಿಯಬೇಕೆನಿಸಿತು.

ಹೆಂಬ್ರೊ ಎದ್ದರು. ಸೊಂಟದ ಸರಪಳಿಯಿಂದ ಬೀಗದ ಕೈ ಬಿಡಿಸಿ, ಗೋಡೆಯ ಬೀರು ತೆಗೆದರು. ಬ್ರಿಸ್ಟಲ್‌ನವರು ಸದಸ್ಯರೇ ಎಂದು ಯಾರೂ ಕೇಳಲಿಲ್ಲ. ಒಳಗೆ ಸ್ವರಪುಸ್ತಕಗಳು ಹೊಲಿಗೆ ದಾರದಿಂದ ಕಟ್ಟಿದ ಕಂತೆಗಳಲ್ಲಿ ಒಪ್ಪವಾಗಿ ಕೂತಿದ್ದವು. ಎರಡನೆಯ ಅರೆಯಿಂದ ಒಂದು ದಪ್ಪ ಪುಸ್ತಕವನ್ನು, ಹುಡುಕದೆಯೇ, ತೆಗೆದು ಪಿಯಾನೋ ಮೇಲಿಟ್ಟರು. ಹಸಿರು ರಟ್ಟು, ಮೂಲೆಯಲ್ಲಿ ಸ್ಟ್ರೋಡ್ ಅವರ ಸಹಿ.

ನಾವೆಲ್ಲ ಸುತ್ತುಗಟ್ಟಿದೆವು. ಹೆಸ್ಟರ್ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಗೆದ್ದವಳು ಏಕೆ ಏಳಬೇಕು ಎನ್ನುವ ಹಾಗೆ ಕೂತಿದ್ದಳು. ಟ್ರೆಡ್‌ಗೋಲ್ಡ್ ಕೊನೆಯ ಪುಟ ತೆರೆದರು. ಹಿಂದಿನದು ತಿರುಗಿಸಿದರು. ಅದರ ಹಿಂದಿನದು. ಮತ್ತೆ ಕೊನೆಯದು.

"ಏನೂ ಇಲ್ಲ," ಎಂದರು.

"ಸರಿಯಾಗಿ ನೋಡಿ."

"ಎಲ್ಲೂ ಏನೂ ಇಲ್ಲ, ಮಿಸ್ ವೌಲ್ಸ್. ಒಂದು ಚುಕ್ಕೆ ಕೂಡ."

ಆಗ ಅವಳು ಎದ್ದು ಬಂದಳು. ಪುಟವನ್ನು ನೋಡಿದಳು. ಟ್ರೆಡ್‌ಗೋಲ್ಡ್ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು, ಪೆನ್ಸಿಲ್ ಒತ್ತಿದ ಗೆರೆಯಾದರೂ ಕಂಡೀತೇ ಎಂದು. ಕಾಗದ ಮೆತ್ತಗಾಗಿ ನವಿರು ಜುಂಗು ಎದ್ದಿತ್ತು, ಹಳೆಯ ಫ್ಲಾನೆಲ್ ಬಟ್ಟೆಯ ಹಾಗೆ. ಗೆರೆಯಿಲ್ಲ.

"ಒಗೆದು ಇಸ್ತ್ರಿ ಹಾಕಿದ ಹಾಗಿದೆ," ಎಂದರು ಚಹಾದ ಪಾತ್ರೆಯ ಬಳಿಯಿಂದ ಮಿಸೆಸ್ ಪಡ್ಡಿ.

ಆ ಜುಂಗು ನನಗೆ ಗೊತ್ತಿತ್ತು. ಸ್ವರಪುಸ್ತಕಗಳು ನಮ್ಮವಲ್ಲ, ಲಂಡನ್ನಿನ ಪ್ರಕಾಶಕರಿಂದ ಬಾಡಿಗೆಗೆ ತಂದವು. ಅಭ್ಯಾಸದಲ್ಲಿ ಗೀಚಿದ್ದನ್ನೆಲ್ಲ ಅಳಿಸಿ ಹಿಂದಿರುಗಿಸಬೇಕು. ಅದಕ್ಕೆ ನಮ್ಮ ಸಂಘದಲ್ಲಿ ಒಂದು ಪದ್ಧತಿ ಇತ್ತು, ಅಳಿಸುವ ಚಹಾ ಎಂದು. ಆಟ ಮುಗಿದ ಮೇಲೆ ಒಂದು ಶನಿವಾರ ಉದ್ದ ಮೇಜು ಹಾಕಿ ಎಲ್ಲರೂ ಕೂರುವುದು, ತಲೆಗೆ ಐದೈದು ಪುಸ್ತಕ. 'ಇಲ್ಲಿ ಉಸಿರು', 'ಇಲ್ಲಿ ಮೆಲ್ಲಗೆ', 'ಮಿಸ್ಟರ್ ಲಾಕ್ಸ್‌ಟನ್ ಕಡೆ ನೋಡಿದರೆ ನಗು ಬರುತ್ತದೆ, ನೋಡಬೇಡ', ಎಲ್ಲ ಹೋಗಬೇಕು. ರಬ್ಬರಿಗೆ ಕಾಗದ ಹರಿಯುತ್ತದೆಂದು ಹಿಂದಿನ ದಿನದ ಬ್ರೆಡ್ಡಿನ ಒಳತಿರುಳನ್ನು ಉಂಡೆ ಮಾಡಿ ಉಜ್ಜುತ್ತಿದ್ದೆವು. ಬ್ರೆಡ್ ತರುವ ಕೆಲಸ ನನ್ನದು. ಉಜ್ಜಿದ ಪುಸ್ತಕವನ್ನು ಹೆಂಬ್ರೊ ಕಿಟಕಿಗೆ ಹಿಡಿದು ಪರೀಕ್ಷಿಸುತ್ತಿದ್ದರು. "ಪುಟ ನಲವತ್ತೆರಡು, ಮಿಸ್ ಕೀವಿಲ್. ಉಸಿರು ಇನ್ನೂ ಇದೆ." ಆ ವರ್ಷ ಎಲ್ಲ ಅಳಿಸಿ, ಕಟ್ಟಿ, ಕಾಗದ ಬರೆದರೆ, ಪ್ರಕಾಶಕರು ಇನ್ನು ಇದನ್ನು ಕೇಳುವವರಿಲ್ಲ, ನೀವೇ ಇಟ್ಟುಕೊಳ್ಳಿ ಎಂದುಬಿಟ್ಟರು. ನಾವು ಅಳಿಸಿದ್ದು ಯಾರಿಗೂ ಬೇಡದ ಪುಸ್ತಕಗಳನ್ನು.

"ಅಳಿಸೋ ಚಹಾದಲ್ಲಿ ಹೋಯ್ತು ಇದು," ಎಂದೆ.

ಟ್ರೆಡ್‌ಗೋಲ್ಡ್‌ಗೆ ವಿವರಿಸಬೇಕಾಯಿತು. ಕೇಳಿ ಅವರ ಮುಖ ಬಿಳಿಚಿತು. "ಸಂಗೀತ ಬರೆದೋರ ಸ್ವಂತ ಪ್ರತೀನ? ಬ್ರೆಡ್ಡಲ್ಲಿ?"

"ಅದು ಪಿಯಾನೋ ಮೇಲಿತ್ತು," ಎಂದರು ಹೆಂಬ್ರೊ. "ಎಲ್ಲದರ ಜೊತೆ ರಾಶೀಲಿ ಸೇರಿರಬೇಕು. ಹದಿನೆಂಟು ಜನ ಕೂತು ಉಜ್ಜಿದ್ರು. ಯಾರ ಕೈಗೆ ಯಾವುದು ಬಂತೋ ಯಾರಿಗೆ ಗೊತ್ತು? ಪುಸ್ತಕದಲ್ಲಿ ಗುರುತು ಉಳೀಬಾರದು. ಹನ್ನೊಂದನೇ ನಿಯಮ. ಯಾರ ಗುರುತಾದ್ರೂ."

"ಸತ್ತು ಹತ್ತು ದಿನ ಆಗಿರಲಿಲ್ಲ," ಎಂದಳು ಹೆಸ್ಟರ್. "ಸತ್ತೋರ ಕೈಬರಹ ಅಳಿಸಿ ಚಹಾ ಕುಡಿಯೋಕೆ ನಾನು ಬರಲ್ಲ ಅಂತ ಅವತ್ತೇ ಹೇಳಿದ್ದೆ. ನನ್ನ ಪ್ರತಿ ಮಾತ್ರ ಅಳಿಸ್ತೀರಿ ಅಂದ್ಕೊಂಡಿದ್ದೆ, ಹೆಂಬ್ರೊ. ಅವರದ್ದನ್ನ ಮುಟ್ಟಲ್ಲ ಅಂದ್ಕೊಂಡಿದ್ದೆ. ನಿಮ್ಮ ಮೇಲೆ ಅಷ್ಟು ಮರ್ಯಾದೆ ಇಟ್ಟಿದ್ದೆ ನೋಡಿ. ಇಡೀ ಮೂವತ್ತು ವರ್ಷ, ಬೀರು ತೆಗೆದ್ರೆ ಸಾಕು, ಬೀರು ತೆಗೆದ್ರೆ ಸಾಕು ಅಂತ."

"ನನ್ನ ಮೇಲೆ ಹೊರಿಸಬೇಡಿ. ಬ್ರೆಡ್ ತಂದೋರು ಮಿಸ್ ಕೀವಿಲ್."

"ನಾನು ಬ್ರೆಡ್ ತಂದೆ, ರೀ. ಬುದ್ಧಿ ತರೋದು ಬೇರೆಯವರ ಪಾಳಿ ಇತ್ತು," ಎಂದೆ. ಹಾಗೆ ಅಂದೆನಾದರೂ ಮನಸ್ಸಿನಲ್ಲಿ ನನ್ನ ಐದು ಪುಸ್ತಕಗಳ ರಟ್ಟಿನ ಬಣ್ಣ ನೆನಪು ಮಾಡಿಕೊಳ್ಳುತ್ತಿದ್ದೆ. ಕೋಣೆಯಲ್ಲಿದ್ದ ಹಳಬರೆಲ್ಲ ಅದನ್ನೇ ಮಾಡುತ್ತಿದ್ದರು. ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಟ್ರೆಡ್‌ಗೋಲ್ಡ್ ಪುಸ್ತಕ ಮುಚ್ಚಿದರು. "ನೋಡಿ, ನನಗೆ ಇದರಿಂದ ಬೇಸರವೇ. ಆದ್ರೆ ಅಚ್ಚಾಗಿರೋದು ಗಂಡನ ಹಾಡು. ಮೇಳ ಕಲಿತಿರೋದೂ ಅದನ್ನೇ. ಕಾಗದ ಇಲ್ದೆ ನಾನು ಏನೂ ಬದಲಾಯಿಸೋ ಹಾಗಿಲ್ಲ."

"ರೇಡಿಯೋದಲ್ಲಿ ಏನು ಹೇಳ್ತೀರಿ?" ಎಂದಳು ಹೆಸ್ಟರ್.

"ಪತ್ರಿಕೆಯಲ್ಲಿ ಇರೋದನ್ನ ಹೇಳಬೇಕಾಗುತ್ತೆ. ಮೃದುವಾಗಿ ಹೇಳ್ತೀನಿ. ಹೆಸರು ಬೇಕಾದ್ರೆ ಬಿಡ್ತೀನಿ."

"ನಾಯಕಿ ಅಂದ್ರೆ ಯಾರು ಅಂತ ಕೇಳೋರಿಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಇದುವರೆಗೆ ಈ ಪೇಟೆ ಬೀದೀಲಿ ಮಾತ್ರ ಇದ್ದೆ. ಈಗ ದೇಶಕ್ಕೆಲ್ಲ ಅಂಬಾ."

"ಹಾಡಿ ತೋರಿಸು, ಹೆಸ್ಟರ್," ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು.

"ನಾನು ಪರೀಕ್ಷೆಗೆ ಬಂದಿಲ್ಲ."

"ಬಂದಾಗಿದೆಯಲ್ಲ, ತಾಯಿ," ಎಂದರು ಮಿಸೆಸ್ ಪಡ್ಡಿ. "ಫೇಲಾಗೋದಾದ್ರೂ ಬರೆದು ಫೇಲಾಗು."

ಹೆಸ್ಟರ್ ಕೈಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡೇ ನಿಂತಳು, ಬಸ್ಸಿಗೆ ಕಾಯುವವಳಂತೆ. ಪಿಯಾನೋ ಕಡೆ ನೋಡಲಿಲ್ಲ. ಟ್ರೆಡ್‌ಗೋಲ್ಡ್ ಸ್ವರ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿದಳು. ನಂತರ ಕಂದುಮೈಯ ಹಸುವನ್ನು ಕರೆದಳು.

ಅವಳ ದನಿ ಹೋಗಿತ್ತು. ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ ತುಕ್ಕು ಹಿಡಿದ ಗೇಟು ತೆಗೆದ ಹಾಗಿತ್ತು. ಆದರೆ ಗೇಟು ತೆಗೆದರೆ ಆಚೆ ಹೊಲ ಕಾಣುತ್ತದೆಯಲ್ಲ, ಹಾಗೆ. ಒಂದು ಸಾಲು, ಕೊನೆಯಲ್ಲಿ ಮೇಲಕ್ಕೆ ಏರುವ ಸ್ವರ, ಸಂಜೆ ಬೇಲಿಯಾಚೆಗೆ ಎಸೆದಂತೆ. ಎರಡನೆಯದು ಚುಕ್ಕೆಯ ಹಸು, ಅದೂ ಮೇಲಕ್ಕೆ. ಮೂರನೆಯದು ಕೊಂಬು ಮುರಿದದ್ದು, ಇನ್ನೂ ಸ್ವಲ್ಪ ಮೇಲಕ್ಕೆ. ಟ್ರೆಡ್‌ಗೋಲ್ಡ್ ಸೌಜನ್ಯದಿಂದ ತಲೆ ಬಗ್ಗಿಸಿ ಕೇಳುತ್ತಿದ್ದರು. ಆ ಸೌಜನ್ಯ ನೋಡಿದರೇ ಗೊತ್ತಾಗುತ್ತಿತ್ತು, ಮುಗಿದ ಮೇಲೆ 'ಚೆನ್ನಾಗಿದೆ, ಆದರೆ ಇದು ನಿಮ್ಮದೇ ಇರಬಹುದು' ಎನ್ನುತ್ತಾರೆ ಎಂದು. ನಾಲ್ಕನೆಯದು ಬಿಳಿಕಿವಿಯದು. ಹೆಸ್ಟರ್ ಉಸಿರೆಳೆದುಕೊಂಡು ಅದರ ಕೊನೆಯ ಸ್ವರವನ್ನೂ ಮೇಲಕ್ಕೆ ಎಸೆದಳು.

"ಕೆಳಗೆ," ಎಂದರು ಹೆಂಬ್ರೊ.

ಅವರ ಬಾಯಿಯಿಂದ ಅದು ಬಂದದ್ದು ಉಳಿದೆಲ್ಲ ಮಾತುಗಳು ಬಂದ ಹಾಗಲ್ಲ. ನಲವತ್ತೆರಡನೆಯ ಪುಟದಲ್ಲಿ ಉಸಿರು ಇನ್ನೂ ಇದೆ ಎನ್ನುತ್ತಿದ್ದರಲ್ಲ, ಹಾಗೆ. ತಪ್ಪು ಕಂಡರೆ ಸುಮ್ಮನಿರಲು ಅವರಿಗೆ ಜನ್ಮದಲ್ಲಿ ಬಂದಿರಲಿಲ್ಲ.

ಹೆಸ್ಟರ್ ನಿಲ್ಲಿಸಿದಳು. ಚಹಾದ ಪಾತ್ರೆ ಗುಳುಗುಳು ಎನ್ನುತ್ತಿತ್ತು. ಮಿಸೆಸ್ ಪಡ್ಡಿ ಅದರ ಉರಿ ಇಳಿಸಿದರು.

"ಏನಂದ್ರಿ?" ಎಂದರು ಟ್ರೆಡ್‌ಗೋಲ್ಡ್.

ಹೆಂಬ್ರೊ ಟೋಪಿಯ ಅಂಚನ್ನು ಬೆರಳಿನಿಂದ ಸುತ್ತ ತಡವುತ್ತಿದ್ದರು.

"ಮಿಸ್ಟರ್ ಹೆಂಬ್ರೊ, ಇಂಥ ಹಾಡೇ ಇರಲಿಲ್ಲ ಅಂದ್ರಲ್ಲ ನೀವು," ಎಂದರು ಟ್ರೆಡ್‌ಗೋಲ್ಡ್ ಮತ್ತೆ.

"ನೆನಪಿಲ್ಲ ಅಂದೆ."

"ಈಗ ಬಂತು ಅನ್ನಿ, ನೆನಪು. ನಾಲ್ಕನೇ ಹಸುವಿನ ಹತ್ರ ಬಂತು," ಎಂದಳು ಹೆಸ್ಟರ್. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಹೇಳಿ. ಕೆಳಗೆ ಅಂತ ಎಲ್ಲಿ ನೋಡಿದ್ರಿ?"

"ಆ ಪುಟದಲ್ಲಿ."

"ಜೋರಾಗಿ ಹೇಳಿ. ಚಹಾ ಪಾತ್ರೆಗೂ ಕೇಳಲಿ."

"ಆ ಪುಟದಲ್ಲಿ," ಎಂದರು ಹೆಂಬ್ರೊ, ಜೋರಾಗಿ. ಅವರ ಕುತ್ತಿಗೆ ಕೆಂಪಾಗಿತ್ತು, ಮಾತು ಮಾತ್ರ ಗುಮಾಸ್ತನದಾಗಿಯೇ ಇತ್ತು. "ಪೆನ್ಸಿಲ್ಲಲ್ಲಿ. ಅವರ ಕೈಬರಹ. ಮೊದಲ ಮೂರು ಮೇಲಕ್ಕೆ, ನಾಲ್ಕನೇದು ಕೆಳಕ್ಕೆ, ಕೊನೇ ಎರಡು ಮತ್ತೆ ಮೇಲಕ್ಕೆ. ನಾಲ್ಕನೇದರ ಕೆಳಗೆ ಎರಡು ಗೆರೆ ಎಳೆದಿದ್ರು. ನಾನು ಅಳಿಸೋದನ್ನೆಲ್ಲ ಓದ್ತೀನಿ. ಓದ್ದೆ ಅಳಿಸೋದು ಸೋಮಾರಿಗಳ ಕೆಲಸ."

"ಹದಿನೆಂಟು ಜನ ಉಜ್ಜಿದ್ರು ಅಂದ್ರಿ," ಎಂದೆ. ನನಗೆ ತಡೆಯಲಾಗಲಿಲ್ಲ. "ನಾನು ಇಷ್ಟು ಹೊತ್ತೂ ನಾನೇ ಅಂದ್ಕೊಂಡಿದ್ದೆ."

"ಹದಿನೆಂಟು ಜನ ಉಜ್ಜಿದ್ದು ಮೇಳದ ಪ್ರತಿಗಳನ್ನ. ಹಸಿರು ರಟ್ಟಿಂದು ನಾನು ತಗೊಂಡೆ."

"ನಿಯಮ ಅಂತ?" ಎಂದು ಕೇಳಿದರು ಟ್ರೆಡ್‌ಗೋಲ್ಡ್.

"ನಿಯಮ ಅಂತ." ಹೆಂಬ್ರೊ ಕಿಟಕಿಯ ಕಡೆ ನೋಡಿದರು. "ಬೇರೆ ಪುಟಗಳನ್ನ ನಿಯಮ ಅಂತಲೇ ಉಜ್ಜಿದೆ. ಕೊನೇದನ್ನ ಎರಡು ಸಲ ಉಜ್ಜಿದೆ."

ಮೂವತ್ತೊಂದು ವರ್ಷ ಅವರ ಪಕ್ಕದಲ್ಲಿ ನಿಂತು ಹಾಡಿದ್ದೇನೆ, ಕ್ರಿಸ್‌ಮಸ್‌ಗೆ ಅವರಿಗೆ ಕಾಲುಚೀಲ ಹೆಣೆದು ಕೊಟ್ಟಿದ್ದೇನೆ. ಒಳ್ಳೆಯವರೆಂದೇ ಕೊಟ್ಟಿದ್ದೆ. ಈಗಲೂ ಕೆಟ್ಟವರೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಂದು ಆ ಕಾಲುಚೀಲಗಳು ಅವರ ಕಾಲಲ್ಲಿದ್ದವು, ಬೂದು ಬಣ್ಣದವು, ಅವನ್ನು ಕಿತ್ತುಕೊಂಡು ಬರಬೇಕೆನಿಸಿತು.

"ಆ ಅಳುವ ಹಾಡು ಇತ್ತಲ್ಲ, ಗಂಡಂದು," ಎಂದು ಅವರೇ ಮುಂದುವರಿಸಿದರು, ಯಾರೂ ಕೇಳದಿದ್ದರೂ. "ಜನ ಅದಕ್ಕೇ ಬರ್ತಿದ್ರು. ಬಟ್ಟೆ ಅಳೆಯೋ ಹೊತ್ತಲ್ಲಿ ಗಿರಾಕಿಗಳು ಒಂದು ಸಾಲು ಹಾಡಿ ಅಂತ ಕೇಳ್ತಿದ್ರು. ಸ್ಟ್ರೋಡ್ ಅವರು ನನ್ನ ಮುಂದೇನೇ ಅದರ ಮೇಲೆ ಅಡ್ಡ ಗೆರೆ ಎಳೆದ್ರು. ಹಸು ಕರೆಯೋ ಕೂಗೊಂದನ್ನ ಕೇಳಿ ತೆಗೆದು ಹಾಕಿದ್ರು. 'ಅವನಿಗೆ ಅಳೋ ಹಕ್ಕಿಲ್ಲ, ಕ್ಲೆಮೆಂಟ್, ಮೂರು ಸಲ ಎಚ್ಚರಿಕೆ ಕೊಟ್ಟಿತ್ತು,' ಅಂದ್ರು."

"ಸರಿಯಾಗೇ ಹೇಳಿದ್ರು," ಎಂದಳು ಹೆಸ್ಟರ್.

"ನಿಮಗೆ ಸರಿ ಅನ್ನಿಸ್ಲೇಬೇಕು."

"ಎಲ್ಲ ಗೊತ್ತಿದ್ದೂ ಊರವರು ನನ್ನ ಮೇಲೆ ಉಗುಳುವಾಗ ಸುಮ್ನಿದ್ರಿ."

"ನಾನು ಯಾರಿಗೂ ಏನೂ ಹೇಳಲಿಲ್ಲ. ಅವರೇ ಹೇಳ್ಕೊಂಡ್ರು."

"ಹೌದು. ನೀವು ಏನೂ ಹೇಳಲಿಲ್ಲ. ಅದನ್ನೇ ಹೇಳ್ತಿರೋದು."

ಟ್ರೆಡ್‌ಗೋಲ್ಡ್ ಅಷ್ಟರಲ್ಲಿ ಹಸಿರು ಪುಸ್ತಕವನ್ನು ಮತ್ತೆ ತೆರೆದು ಕೊನೆಯ ಪುಟವನ್ನು ಪಿಯಾನೋ ಮೇಲೆ ಚಪ್ಪಟೆ ಮಾಡಿದ್ದರು. ಅವರಿಗೆ ನಮ್ಮ ಜಗಳ ಬೇಕಾಗಿರಲಿಲ್ಲ, ಹಾಡು ಬೇಕಾಗಿತ್ತು. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು. ಕೋಟಿನ ಜೇಬಿನಿಂದ ಒಂದು ತುಂಡು ಪೆನ್ಸಿಲ್ ತೆಗೆದರು. "ಇಬ್ಬರೂ ಒಪ್ಪಿದ್ರೆ ನಾನು ಇದನ್ನ ಬರ್ಕೊಳ್ತೀನಿ, ಇಲ್ಲೇ, ಇದೇ ಪುಟದಲ್ಲಿ. ಇಬ್ಬರು ಸಾಕ್ಷಿ ಅಂತ ಕೆಳಗೆ ಸಹಿ ಹಾಕಿ. ರೇಡಿಯೋದಲ್ಲೂ ಹಾಗೇ ಹೇಳ್ತೀನಿ. ನಾಯಕಿ ದಾರಿ ತಪ್ಪಲಿಲ್ಲ, ಹಾಡಿದ್ದು ಸ್ಟ್ರೋಡ್ ಬರೆದದ್ದನ್ನೇ."

"ಹಾಗಾದ್ರೆ ಗಂಡನ ಹಾಡು?" ಎಂದರು ಹೆಂಬ್ರೊ.

"ಇರಲ್ಲ."

"ರೇಡಿಯೋದಲ್ಲೂ ಇರಲ್ಲ."

"ಇರಲ್ಲ, ಮಿಸ್ಟರ್ ಹೆಂಬ್ರೊ."

ಹೆಂಬ್ರೊ ತಲೆಯಾಡಿಸಿದರು. ತಮ್ಮ ಬಾಯಿಂದ ಒಂದೇ ಒಂದು ಪದ ಜಾರಿದ್ದಕ್ಕೆ ಬೆಲೆ ಎಷ್ಟು ಎಂದು ಲೆಕ್ಕ ಹಾಕಿದವರಂತೆ.

ಟ್ರೆಡ್‌ಗೋಲ್ಡ್ ಮೊದಲ ಮೂರು ಸಾಲು ಬರೆದು, ಪಿಯಾನೋ ಮೇಲೆ ನುಡಿಸಿ ನೋಡಿ, ನಾಲ್ಕನೆಯದಕ್ಕೆ ನಿಂತರು. "ಇದು ಮೇಲಕ್ಕೋ, ಕೆಳಕ್ಕೋ? ಮಿಸ್ ವೌಲ್ಸ್, ನೀವು ಮೇಲಕ್ಕೆ ಹಾಡಿದ್ರಿ."

ಎಲ್ಲರೂ ಹೆಸ್ಟರಳನ್ನು ನೋಡಿದೆವು. ಅವಳ ದವಡೆ ಬಿಗಿದಿತ್ತು. ಮೇಲಕ್ಕೆ ಎಂದು ಅವಳು ಹೇಳಿದ್ದರೆ ಅಂದು ಆ ಕೋಣೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ನಾನಂತೂ ಮೇಲಕ್ಕೇ ಕೇಳಿದ್ದೆ ಎಂದು ಆಣೆಯಿಟ್ಟು ಹೇಳುತ್ತಿದ್ದೆ, ಕೆರೆಯಲ್ಲಿದ್ದರೂ.

"ನಮ್ಮಮ್ಮ ಆರನ್ನೂ ಮೇಲಕ್ಕೇ ಕರೀತಿದ್ರು," ಎಂದಳು ಕೊನೆಗೆ. "ಸ್ಟ್ರೋಡ್ ಕೆಳಕ್ಕೆ ಮಾಡಿದ್ರು. ಬಿಳಿಕಿವಿಯದು ಮುದಿ ಹಸು, ಅದಕ್ಕೆ ಬರೋ ಮನಸ್ಸಿಲ್ಲ, ಅವಳಿಗೂ ಅದು ಗೊತ್ತು, ಅದಕ್ಕೇ ದನಿ ಇಳಿಸ್ತಾಳೆ ಅಂದ್ರು. ಎರಡು ಸಲ ಹೇಳಿಕೊಟ್ರು. ಎರಡು ಗೆರೆಯೂ ನಿಜ. ಬರ್ಕೊಳ್ಳಿ, ಕೆಳಕ್ಕೆ."

"ಅವತ್ತು ವೇದಿಕೆ ಮೇಲೂ ಮೇಲಕ್ಕೇ ಹಾಡಿದ್ರಿ," ಎಂದರು ಹೆಂಬ್ರೊ. "ಆರಡಿ ದೂರದಲ್ಲಿ ನಿಂತಿದ್ದೆ. ಕೇಳ್ದೆ. ಪಿಯಾನೋದಲ್ಲಿ ಅವರ ತಲೆ ಎದ್ದಿದ್ದೂ ನೋಡ್ದೆ."

"ಹಾಡಿದೆ. ಗಾಬರೀಲಿ ಅಮ್ಮನ ಹಾಗೇ ಬಂದುಬಿಡ್ತು. ಒಂದು ಸ್ವರ ತಪ್ಪಿದೆ, ಒಪ್ಕೊಂಡೆ. ನೀವು?"

"ನಾನು ಏನು?"

"ನಿಮ್ದು ಎಷ್ಟು ಸ್ವರ?"

ಹೆಂಬ್ರೊ ಟೋಪಿ ಹಾಕಿಕೊಂಡರು. "ಸಹಿ ಎಲ್ಲಿ ಹಾಕಬೇಕೋ ಹೇಳಿ," ಎಂದು ಟ್ರೆಡ್‌ಗೋಲ್ಡ್‌ಗೆ ಹೇಳಿದರು. "ನನಗೆ ಆರೂಕಾಲಿನ ಬಸ್ಸಿದೆ."

"ಇವರ ಸಹಿ ಹಾಡಿನ ಕೆಳಗೇ ಹಾಕಿಸ್ಕೊಳ್ಳಿ," ಎಂದಳು ಹೆಸ್ಟರ್. "ಅಳಿಸೋಕೆ ಬಂದ್ರೆ ಈ ಸಲ ಮೊದಲು ತಮ್ಮ ಹೆಸರನ್ನೇ ಉಜ್ಜಬೇಕು."

"ನಿಮ್ಮ ಹೆಸರು ಮೇಲಿರುತ್ತೆ, ಮಿಸ್ ವೌಲ್ಸ್. ಆಟದ ಪೋಸ್ಟರಿನಲ್ಲೂ ಯಾವಾಗಲೂ ಹಾಗೇ ಇತ್ತು," ಎಂದರು ಹೆಂಬ್ರೊ.

"ಕೇಳ್ರಪ್ಪ," ಎಂದಳು ಅವಳು ನಮಗೆ. "ಇವತ್ತು ಇವರ ಬಾಯಿಂದ ಬಂದ ಎರಡನೇ ನಿಜ."

ಟ್ರೆಡ್‌ಗೋಲ್ಡ್ ನಾಲ್ಕನೆಯ ಹಸುವಿನ ಕೊನೆಯ ಸ್ವರವನ್ನು ಕೆಳಕ್ಕೆ ಇಟ್ಟರು. ಅದರ ಕೆಳಗೆ ಒಂದು ಗೆರೆ ಎಳೆದರು. ಎರಡನೆಯದು ಎಳೆಯುವಾಗ ಒತ್ತಿ ಹಿಡಿದರೋ ಏನೋ, ಪೆನ್ಸಿಲ್ಲಿನ ಮೊನೆ ಟಕ್ಕನೆ ಮುರಿಯಿತು. ಅವರು ಜೇಬು ತಡಕಾಡಿದರು, ನಾವು ಚೀಲ ತಡಕಾಡಿದೆವು. ಸಂಗೀತ ಸಂಘದ ಹದಿನಾಲ್ಕು ಜನರಲ್ಲಿ ಒಂದು ಪೆನ್ಸಿಲ್ ಇರಲಿಲ್ಲ. ಸಹಿಗೆ ಕಾಯಲಾರದೆ ಬಾಗಿಲ ತನಕ ಹೋಗಿದ್ದ ಹೆಂಬ್ರೊ ಹಿಂದೆ ಬಂದು, ಟ್ರೆಡ್‌ಗೋಲ್ಡ್ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಜೇಬಿನ ಚಾಕು ಬಿಚ್ಚಿ, ಕಿಟಕಿಯ ಬಳಿ ನಿಂತು ಹೆರೆದರು. ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೂ ಸ್ವಲ್ಪ ಹೆರೆದರು. ಆಮೇಲೆ ಅದನ್ನು ಯಾರ ಕೈಗೂ ಕೊಡದೆ ಪಿಯಾನೋ ಮೇಲಿಟ್ಟರು. ಅದು ಉರುಳಿ ಹೆಸ್ಟರಳ ಕಡೆ ಹೋಯಿತು, ಅವಳು ಬೆರಳಿಟ್ಟು ನಿಲ್ಲಿಸಿದಳು.